ಕೌದಿಯಿಂದ ಬಿಚ್ಚಿಕೊಟ್ಟ ಬುಟ್ಟಿ

ಸಾಗರಕ್ಕೆ ಬಂದ ಮರುದಿನ ಬೆಳಿಗ್ಗೆ ಮನೆಯ ಒಡತಿ ಒಂದು ಗೋಣಿಚೀಲ ತಂದು ನನ್ನ ಬಾಗಿಲಲ್ಲಿ ಸುರಿದರು. ಹರಿದ ಸೀರೆಗಳು, ಕಡ್ಡಿ ಮುರಿದ ಕೊಡೆ, ಎಣ್ಣೆಜಿಡ್ಡಿನ ದಿಂಬಿನ ಚೀಲ.

"ನೀವು ಚಿಂದಿ ಹೊಲೀತ್ರಂತಲ, ಇಟ್ಕಳಿ. ನಮಗೆ ಎಂತಕ್ಕೂ ಬ್ಯಾಡ."

ಹೊಸಬರನ್ನು ಕಸ ಕೊಟ್ಟು ಬರಮಾಡಿಕೊಳ್ಳುವ ಊರನ್ನು ಅದುವರೆಗೆ ಕಂಡಿರಲಿಲ್ಲ. ನಾನು ಹೊಲಿಯುವುದು ಕೌದಿ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ ಹೊದಿಕೆ ಎಂದು ಇಲ್ಲಿ ಮನೆಮನೆಗೂ ಹೇಳಬೇಕಾಯಿತು. ನಮ್ಮ ಗುಳೇದಗುಡ್ಡದಲ್ಲಿ ಬಾಣಂತಿಗೆ ಕೌದಿ ಇಲ್ಲದಿದ್ದರೆ ತವರಿನ ಮಾನ ಹೋಗುತ್ತದೆ. ಇಲ್ಲಿಯವರು ಬೆರಳ ತುದಿಯಲ್ಲಿ ಮುಟ್ಟಿ, "ತೊಳೆದಿದ್ರಾ?" ಎನ್ನುತ್ತಾರೆ.

ಗಂಡನಿಗೆ ಸಾಗರದ ಬಸ್ ಡಿಪೊಗೆ ವರ್ಗವಾದ್ದರಿಂದ ಬಂದವಳು ನಾನು. ನಮ್ಮೂರಲ್ಲಿ ಕೈಯಲ್ಲಿ ತಟ್ಟಿದ ಜೋಳದ ರೊಟ್ಟಿ; ಇಲ್ಲಿ ಮೂರು ಹೊತ್ತೂ ಅಕ್ಕಿಯ ಅವತಾರಗಳು. ಸೊಪ್ಪು ಅರೆದು ಮಜ್ಜಿಗೆಗೆ ಕಲಸಿದರೆ ಅದು ತಂಬುಳಿ, ಅದಕ್ಕೊಂದು ಮಹಿಮೆ ಬೇರೆ. ಸಂಸ್ಕೃತಿಯ ಮಾತು ಬಂದರೆ ಗಂಟೆಗಟ್ಟಲೆ ಆಡುವವರು ಬಿದಿರಿನ ಬುಟ್ಟಿ ಎಸೆದು ಪ್ಲಾಸ್ಟಿಕ್ ಟಬ್ಬು ಹೊತ್ತು ತರುವುದನ್ನು ದಿನವೂ ನೋಡುತ್ತಿದ್ದೆ. ಆದರೂ ಗಂಡ ಡಿಪೊಗೆ ಹೋದ ಮೇಲೆ ಸಂಜೆಯವರೆಗೆ ಬಾಯಿ ತೆರೆಯಲು ಒಬ್ಬರೂ ಇರಲಿಲ್ಲ. ಅದಕ್ಕೇ ಕೌದಿ ಹೊಲಿಯುವವಳೆಂದು ಕೇಳಿ ಪ್ರಣವ್ ಕರೆದಾಗ ಹೋದೆ.

ಪ್ರಣವ್ ಬೆಂಗಳೂರಿನ ಕಲಾವಿದ. ಜನ ಬಿಸಾಡಿದ ಮನೆಸಾಮಾನನ್ನು ಕೌದಿಗೆ ಹೊಲಿದು, ಹೊಸನಗರದ ಒಂದು ಸಭಾಂಗಣದ ತುಂಬ ಇಳಿಬಿಡುವುದು ಅವನ ಯೋಜನೆ. ಅದಕ್ಕೆ ಇನ್‌ಸ್ಟಲೇಷನ್ ಎನ್ನಬೇಕಂತೆ. ತೀರ್ಥಹಳ್ಳಿಯಿಂದ ನಿಟ್ಟೂರಿನವರೆಗೆ ಗುಜರಿ ಅಂಗಡಿಗಳನ್ನು ಜಾಲಾಡಿ ಮಿಕ್ಸಿ ಜಾರು, ಸೊಳ್ಳೆ ಬ್ಯಾಟು, ಮೊರ, ಬುಟ್ಟಿ ತಂದಿದ್ದ. ತಾನು ಮಾತ್ರ ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ನಾನು ಹೊಲಿಯುತ್ತಿದ್ದರೆ ಪಕ್ಕದಲ್ಲಿ ನಿಂತು, "ಈ ವಸ್ತುಗಳ ಮೌನ ಕೇಳಿಸ್ತಿದೆಯಾ ಅಕ್ಕಾ?" ಎನ್ನುತ್ತಿದ್ದ. ನನಗೆ ಅವನ ಮಾತಷ್ಟೇ ಕೇಳಿಸುತ್ತಿತ್ತು.

ಪ್ರದರ್ಶನದ ದಿನ ದೊಡ್ಡ ಊರುಗಳಿಂದ ಕೈಮಗ್ಗದ ಸೀರೆ ಉಟ್ಟವರು ನೋಡಲು ಬಂದರು. ಅವರ ನಡುವೆ ನಿಟ್ಟೂರಿನ ಗಿರಿಜಮ್ಮ ಎಂಬ ಹೆಂಗಸು ಕೈಚೀಲ ಹಿಡಿದು ಕೌದಿಯ ಮುಂದೆ ನಿಂತರು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಸಣ್ಣ ಗೆರೆಗಳ ಚಿತ್ತಾರ ಬರೆದಿದ್ದ ಒಂದು ಬುಟ್ಟಿಯನ್ನು ತೋರಿಸಿ, "ಇದು ನಂದು," ಎಂದರು.

"ಮಗಳು ಬರ್ದಿದ್ದು. ಅವಳು ಈಗ ಇಲ್ಲ. ನಾನು ಆಸ್ಪತ್ರೇಲಿದ್ದಾಗ ಸೊಸೆ ಅಟ್ಟ ಗುಡಿಸಿ ಗುಜರಿಗೆ ಹಾಕಿದಾಳೆ. ಇಲ್ಲಿದೆ ಅಂತ ಗುಜರಿಯವ್ನೇ ಹೇಳ್ದ. ಕೊಡಿ, ಹೋಗ್ತೀನಿ."

ಪ್ರಣವ್‌ನ ಮುಖ ಅರಳಿತು. ಫೋನು ಎತ್ತಿ ಹಿಡಿದ. "ಅಮ್ಮಾ, ಇದನ್ನೇ ಇನ್ನೊಂದ್ಸಲ ಹೇಳಿ. ಈ ಕಡೆ ನೋಡ್ಬೇಡಿ, ಬುಟ್ಟಿ ನೋಡ್ತಾ ಹೇಳಿ."

"ಹೇಳದು ಎಂತಕ್ಕೆ? ಬುಟ್ಟಿ ಕೊಡಿ."

"ಅದೀಗ ಕೃತಿಯ ಭಾಗ ಆಗಿಬಿಟ್ಟಿದೆ. ತೆಗೆದ್ರೆ ಎಲ್ಲಾ ಬ್ಯಾಲೆನ್ಸ್ ಹೋಗುತ್ತೆ."

ನೋಡಲು ಬಂದವರಲ್ಲಿ ಒಬ್ಬಳು ಕಣ್ಣೊರೆಸಿಕೊಂಡು, "ಎಷ್ಟು ಸಹಜವಾಗಿದಾರೆ," ಎಂದಳು. ನಾಟಕ ನೋಡುವವರ ಹಾಗೆ ಉಳಿದವರೂ ತಲೆದೂಗಿದರು. ಗಿರಿಜಮ್ಮ ಬೇಡಲಿಲ್ಲ, ಅಳಲೂ ಇಲ್ಲ. ಬುಟ್ಟಿಯ ಅಂಚು ಹಿಡಿದು ನಿಂತೇ ಇದ್ದರು. ಆ ಕೈಯನ್ನು ಬಿಡಿಸಲು ಪ್ರಣವ್ ಮುಂದಾದ.

ನಾನು ಕತ್ತರಿ ತಂದು ದಾರ ಕತ್ತರಿಸತೊಡಗಿದೆ. ಭಾರ ತಪ್ಪಿದ ಕೌದಿ ಒಂದು ಕಡೆ ವಾಲಿ, ಮಿಕ್ಸಿ ಜಾರು ನೆಲಕ್ಕೆ ಬಿದ್ದು ಉರುಳಿತು.

"ನನ್ನ ಕೃತಿ ಹಾಳ್ಮಾಡ್ತಿದೀರಿ ನೀವು," ಎಂದ ಪ್ರಣವ್.

"ಹೊಲಿಗಿ ನಂದ್ರಿ," ಎಂದೆ. "ಬಿಚ್ಚಾಕಿನೂ ನಾನ."

ಗಿರಿಜಮ್ಮ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ನಾನೂ ಅವರ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬರುವವರೆಗೆ ಅವರು ಮಗಳ ವಿಷಯ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಪ್ರಣವ್‌ನಂಥವರು ಓದಬಹುದು.

ಅವನಿಗೇನೂ ನಷ್ಟವಾಗಲಿಲ್ಲ. ಬುಟ್ಟಿ ಬಿಚ್ಚಿದಲ್ಲಿ ಉಳಿದ ತೂತನ್ನು ಹಾಗೇ ಬಿಟ್ಟು, 'ಗೈರು' ಎಂದು ಹೆಸರಿಟ್ಟು ಬೆಂಗಳೂರಿನಲ್ಲಿ ಪ್ರದರ್ಶಿಸಿದ. ಜನ ಕೌದಿಗಿಂತ ತೂತನ್ನೇ ಹೆಚ್ಚು ಹೊಗಳಿದರಂತೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಅವನ ಹೆಸರಿನ ಪಕ್ಕ ಇರುವುದಕ್ಕಿಂತ ಅದೇ ವಾಸಿ.

ಊರಿಗೆ ಹೋದಾಗ ಅಕ್ಕ, "ನಿನ್ನ ಮಾತು ಆ ಕಡೆಯವರಂಗ ಆಗ್ಯಾವು ನೋಡು," ಎಂದು ಹಂಗಿಸಿದಳು. ಸಾಗರದ ಮಳೆಯನ್ನು ಅವಳು ಬೈದಾಗ ನನಗೇ ಸಿಟ್ಟು ಬಂತು. ಸಾಗರಕ್ಕೆ ಮರಳಿದ ಮೇಲೆ ಒಡತಿ ನಮ್ಮ ಬಿಸಿಲನ್ನು ಆಡಿಕೊಂಡಾಗಲೂ ಅಷ್ಟೇ ಸಿಟ್ಟು.

ಕಳೆದ ತಿಂಗಳು ಗಿರಿಜಮ್ಮನ ಮೊಮ್ಮಗಳ ನಾಮಕರಣಕ್ಕೆ ನಿಟ್ಟೂರಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂರಲು ಹಿಂಜರಿದು ನಿಂತಿದ್ದವಳನ್ನು ನೋಡಿ ಬಡಿಸುವವನೊಬ್ಬ ಕೇಳಿದ: "ಇವರು ಯಾರ ಪೈಕಿ?"

ಗಿರಿಜಮ್ಮ ನನ್ನನ್ನು ಒಮ್ಮೆ ನೋಡಿದರು. "ನಮ್ಮೋರಲ್ಲ," ಎಂದರು. "ಹಂಗಂತ ಬೇರೆಯೋರೂ ಅಲ್ಲ. ಎಲೆ ಹಾಕು."