ಏನೂ ಅಲ್ಲದಂತೆ ಕಾಣುವ ಪೆಟ್ಟಿಗೆ

ಅಹಮದಾಬಾದಿನ ನವರಂಗಪುರದ ಕಂಪ್ಯೂಟರ್ ಅಂಗಡಿಯವನು ನನ್ನ ನರೆತ ಮೀಸೆಯನ್ನೂ ನನ್ನ ಕೈಯಲ್ಲಿದ್ದ ಕಂಪ್ಯೂಟರಿನ ಖಾಲಿ ಪೆಟ್ಟಿಗೆಯನ್ನೂ ಒಂದರ ನಂತರ ಒಂದು ನೋಡಿ, ‘ಮಗನಿಗೇನು, ಸಾಹೇಬ್?’ ಎಂದು ಕೇಳಿದ. ನಾನು ಹೌದೆಂದೆ. ನನಗೆ ಮಗನಿಲ್ಲ. ಇರುವವಳು ಒಬ್ಬಳೇ ಮಗಳು. ಅವಳು ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಪುಟ್ಟ ಪುಟ್ಟ ಫ್ಯಾನುಗಳನ್ನು ಬೆರಳ ತುದಿಯಿಂದ ತಿರುಗಿಸಿ ನೋಡುತ್ತಿದ್ದಳು. ಇನ್ನು ಆ ಪೆಟ್ಟಿಗೆ ಬೇಕಾಗಿದ್ದದ್ದು ನನಗೇ. ಐವತ್ತು ದಾಟಿದವನು, ವಿಮಾ ಕಚೇರಿಯಲ್ಲಿ ಕೈಕೆಳಗೆ ಜನ ಇರುವವನು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ವಂದನಾರ್ಪಣೆಗೆಂದೇ ಮೀಸಲಾದವನು ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಆಡುವುದಕ್ಕೆ ಪೆಟ್ಟಿಗೆ ಕೊಳ್ಳಲು ಬಂದಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ. ಅದಕ್ಕಿಂತ ಇಲ್ಲದ ಮಗನೊಬ್ಬನನ್ನು ನಿಂತ ಕಾಲ ಮೇಲೆ ಹುಟ್ಟಿಸುವುದು ಸುಲಭವೆನಿಸಿತು.

ನೀವು ನಗುತ್ತಿದ್ದೀರಿ. ನಗಿ, ಆದರೆ ಸ್ವಲ್ಪ ಕೇಳಿ.

ನನ್ನ ಹೆಂಡತಿ ಸುಮಿತ್ರಾ ಅಹಮದಾಬಾದಿನಲ್ಲಿ ಕೇಂದ್ರ ಸರಕಾರದ ಕಚೇರಿಯಲ್ಲಿದ್ದಾಳೆ. ನನ್ನನ್ನು ಮಾತ್ರ ಸೂರತ್ತಿಗೆ ವರ್ಗ ಮಾಡಿದರು. ಸೋಮವಾರ ಬೆಳಿಗ್ಗೆ ರೈಲು ಹತ್ತುವುದು, ಶುಕ್ರವಾರ ಸಂಜೆ ಮರಳುವುದು, ನಡುವೆ ಸೂರತ್ತಿನ ಉಧ್ನಾದಲ್ಲಿ ಒಂದು ಬಾಡಿಗೆ ಕೋಣೆ. ಮಗಳು ಅನಘಾ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡ, ಅತಿಥಿಗಳು ಬಂದಾಗ ಮಾತ್ರ ಕಪಾಟಿನಿಂದ ಇಳಿಸುವ ಚಹಾದ ಕಪ್ಪಿನಂತೆ. ನನ್ನದು ಧಾರವಾಡದ ಹಿರಿಯರ ಬಾಯಿಂದ ಕಲಿತ ಕನ್ನಡ. ಅಜ್ಜಿ ಬೈದದ್ದು, ಸೋದರಮಾವ ರೇಗಿಸಿದ್ದು, ಓಣಿಯ ಮುದುಕರು ಕಟ್ಟೆಯ ಮೇಲೆ ಕುಳಿತು ಹರಟಿದ್ದು. ಅದನ್ನು ಮಗಳಿಗೆ ದಾಟಿಸಬೇಕೆಂದು ಪಾಠ ಹೇಳಲು ಹೋದಾಗಲೆಲ್ಲ ಅವಳು ಆಕಳಿಸುತ್ತಿದ್ದಳು. ವರ್ಗವಾದ ಮೇಲೆ ಅದೂ ಇಲ್ಲ. ಸಂಜೆ ಫೋನ್ ಮಾಡಿದರೆ, ‘ಊಟ ಆಯ್ತಾ ಪಪ್ಪಾ? ಓಕೆ, ಬಾಯ್.’ ಅಷ್ಟೇ.

ಒಂದು ರವಿವಾರ ಅವಳ ಕಂಪ್ಯೂಟರ್ ಆಟದ ಗುಂಪಿನಲ್ಲಿ ಒಬ್ಬರು ಕಡಿಮೆ ಬಿದ್ದರು. ಯಾರೂ ಸಿಗದೆ ನನ್ನನ್ನು ಕೂರಿಸಿದಳು. ಎದುರಾಳಿಗಳೂ ಅವಳ ಕಾಲೇಜಿನ ಹುಡುಗ ಹುಡುಗಿಯರೇ, ಹೆಡ್‌ಫೋನಿನಲ್ಲಿ ಎಲ್ಲರ ಮಾತೂ ಎಲ್ಲರ ಕಿವಿಗೂ ಬೀಳುತ್ತದೆ. ಆಟ ಶುರುವಾಗುತ್ತಿದ್ದಂತೆ ನಾನು ಗಾಬರಿಯಲ್ಲಿ, ‘ಯವ್ವಾ, ಹಿತ್ತಲದಾಗ ಇಬ್ಬರು ಕುಂತಾರ, ನೋಡ’ ಎಂದು ಕೂಗಿಬಿಟ್ಟೆ. ಎದುರಾಳಿಗಳಿಗೆ ಒಂದಕ್ಷರ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಆ ಇಬ್ಬರನ್ನೂ ಹೊಡೆದಳು. ಅಂದಿನಿಂದ ಆ ಆಟದಲ್ಲಿ ಕಾಣುವ ಜಾಗಗಳಿಗೆಲ್ಲ ನಾವು ನಮ್ಮ ಹೆಸರಿಟ್ಟೆವು: ಪಡಸಾಲಿ, ನಡುಮನಿ, ಅಟ್ಟ, ಬಚ್ಚಲ. ಎಷ್ಟು ವರ್ಷ ಪಾಠ ಹೇಳಿದರೂ ಹತ್ತದ ಕನ್ನಡ, ಬೆನ್ನ ಹಿಂದೆ ವೈರಿ ಬಂದಾಗ ತಾನಾಗಿ ಹತ್ತಿತು. ಆಟದಲ್ಲಿ ನಾನು ಎಲ್ಲರಿಗಿಂತ ಮೊದಲು ಸಾಯುತ್ತೇನೆ, ಅದು ಬೇರೆ ಮಾತು. ಸತ್ತ ಮೇಲೂ ಮಾತಾಡಬಹುದು ಎಂಬುದೇ ಆ ಆಟದ ದೊಡ್ಡ ಅನುಕೂಲ.

ಹಾಗಾಗಿ ನನಗೊಂದು ಕಂಪ್ಯೂಟರ್ ಬೇಕಾಯಿತು. ವಾರವಿಡೀ ಉಧ್ನಾದಲ್ಲಿ ಇರಬೇಕು, ಶುಕ್ರವಾರ ನನ್ನೊಡನೆ ಮನೆಗೆ ಬಂದು ಅವಳ ಕಂಪ್ಯೂಟರಿನ ಪಕ್ಕದಲ್ಲಿ ಕೂರಬೇಕು. ಲ್ಯಾಪ್‌ಟಾಪ್ ಸಾಕಲ್ಲವೇ ಎಂದೆ. ‘ಪಪ್ಪಾ, ಆಟ ಹಚ್ಚಿದ್ರ ಅದು ಕಾದ ಹಂಚು. ಮ್ಯಾಲೆ ದೋಸಾ ಹಾಕಬಹುದು’ ಎಂದಳು ಮಗಳು. ತಾನೇ ಭಾಗಗಳನ್ನು ಬಿಡಿಬಿಡಿಯಾಗಿ ತಂದು ಕಟ್ಟಿಕೊಡುತ್ತೇನೆ, ಪೆಟ್ಟಿಗೆ ಮಾತ್ರ ಒಯ್ಯುವಂಥದು ಆರಿಸೋಣ ಎಂದಳು.

ಈ ಪೆಟ್ಟಿಗೆಗಳ ಲೋಕಕ್ಕೆ ಹೊಕ್ಕಮೇಲೆ ತಿಳಿಯಿತು, ಅವನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂದು. ಎಣ್ಣೆ, ಹಾಲು, ಸೀಮೆಎಣ್ಣೆ ಬಿಟ್ಟು ಬೇರೇನನ್ನೂ ಲೀಟರಿನಲ್ಲಿ ಕಂಡವನಲ್ಲ ನಾನು. ಲೀಟರ್ ಕಡಿಮೆಯಾದಷ್ಟೂ ಒಯ್ಯಲು ಹಗುರ, ಒಳಗೆ ತುರುಕಲು ಕಷ್ಟ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎಂಬುದು ಇಟ್ಟಿಗೆಯಷ್ಟು ದಪ್ಪ, ಮೊಳದಷ್ಟು ಉದ್ದ, ಅದು ಹಿಡಿಸಬೇಕು. ಹಿಡಿಸಿದರೆ ಬಿಸಿಗಾಳಿ ಹೊರಗೆ ಹೋಗಬೇಕು. ಹೋಗಲು ತೂತಿದ್ದರೆ ಉಧ್ನಾದ ಮಗ್ಗಗಳ ನೂಲಿನ ಧೂಳು ಒಳಗೆ ಬರಬಾರದು. ಸಣ್ಣ ಪೆಟ್ಟಿಗೆಗಳಲ್ಲಿ ಮದರ್‌ಬೋರ್ಡನ್ನೂ ಕಾರ್ಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸುತ್ತಾರೆ, ಜಗಳಾಡಿದ ಗಂಡಹೆಂಡಿರು ಮಲಗಿದಂತೆ. ನಾವು ಅಪ್ಪ ಮಗಳು ಟೇಪು ಹಿಡಿದು ಗಾಳಿಯನ್ನು ಅಳೆಯುವುದನ್ನು ಕಂಡು ಸುಮಿತ್ರಾ, ‘ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿಂದು ಹೂಂ ಅಂದು ಹೋದ್ರಿ. ಒಂದು ಡಬ್ಬಿಗೆ ಇಷ್ಟು ಅಳತಿ ಏನ್ರೀ?’ ಎಂದಳು.

ಅನಘಾಳಿಗೆ ಗಾಜಿನ ಗೋಡೆಯ, ಒಳಗೆ ಬಣ್ಣದ ದೀಪ ಉರಿಯುವ ಪೆಟ್ಟಿಗೆ ಬೇಕು. ಕಟ್ಟಿದ ಕೆಲಸ ಹೊರಗೆ ಕಾಣಬೇಕಲ್ಲ. ನನಗೋ, ಯಾರ ಕಣ್ಣಿಗೂ ಏನೂ ಅಲ್ಲದಂತೆ ಕಾಣುವ ಪೆಟ್ಟಿಗೆ ಬೇಕು. ನಾನು ಅದನ್ನು ಹೇಳದೆ, ಗಾಜು ಒಡೆಯುತ್ತದೆ, ದೀಪಕ್ಕೆ ಹುಳ ಬರುತ್ತವೆ ಎಂದೆಲ್ಲ ವಾದಿಸಿದೆ. ಕೊನೆಗೆ ಗೆದ್ದದ್ದು ಒಂದು ಬೂದು ಬಣ್ಣದ ತಗಡಿನದು: ಸುತ್ತಲೂ ಜಾಲರಿ, ಮೇಲೊಂದು ಚರ್ಮದ ಹಿಡಿಕೆ. ನೋಡಲು ಆಸ್ಪತ್ರೆಯ ಸಾಮಾನಿನಂತಿತ್ತು. ನನಗೆ ಸಮಾಧಾನವಾಯಿತು. ಮಗಳು ಅದರಲ್ಲೇ ಒಂದು ಇಡೀ ರವಿವಾರ ಕುಳಿತು, ಬೆರಳು ಕೊಯ್ದುಕೊಂಡು, ವೈರುಗಳನ್ನು ಹೆರಳಿನಂತೆ ಹೆಣೆದು, ರೈಲಿನ ಕುಲುಕಾಟಕ್ಕೆ ಕಾರ್ಡು ಜಗ್ಗದಂತೆ ಕೆಳಗೆ ಸ್ಪಂಜು ಕೊಟ್ಟು ಕಟ್ಟಿದಳು. ಮುಚ್ಚಳ ಹಾಕುವ ಮುಂಚೆ, ‘ಒಮ್ಮೆ ನೋಡು ಪಪ್ಪಾ, ಆಮೇಲೆ ಯಾರಿಗೂ ಕಾಣೂದಿಲ್ಲ’ ಎಂದಳು. ನೋಡಿದೆ. ನಿಜಕ್ಕೂ ಚೆಂದವಿತ್ತು.

ಹಿಂದೆ ಅರಸರು ಹೋದಲ್ಲೆಲ್ಲ ಹಡಪ ಹಿಡಿದು ಒಬ್ಬ ಬೆನ್ನ ಹಿಂದೆ ಬರುತ್ತಿದ್ದನಂತೆ. ಹಡಪವೆಂದರೆ ಎಲೆಯಡಿಕೆಯ ಸಂಚಿ, ಹಿಡಿದವನು ಹಡಪಿಗ. ಅದು ಗೌರವದ ಹುದ್ದೆ; ಸಭೆಯಲ್ಲಿ ಅವನಿಗೆ ಸ್ಥಾನವಿತ್ತು. ಒಬ್ಬರ ಬಾಯಿಚಪಲವನ್ನು ಊರೆದುರು ಹೊತ್ತು ತಿರುಗುವುದಕ್ಕೆ ಯಾರೂ ನಾಚಿದ್ದು ಕಾಣೆ. ನಾನು ನನಗೆ ನಾನೇ ಹಡಪಿಗನಾಗಿ, ಸಂಚಿಯ ಮೇಲೆ ಟವೆಲು ಹೊದಿಸಿ ಸ್ಟೇಷನ್ನಿಗೆ ನಡೆದೆ.

ಈ ಕಡೆಯ ಬೆಳಗಿನ ರೈಲುಗಳಲ್ಲಿ ಪಾಸಿನವರ ಮಂಡಳಿಗಳಿರುತ್ತವೆ. ದಿನಾ ಅಹಮದಾಬಾದಿನಿಂದ ವಡೋದರಕ್ಕೆ ಹೋಗಿಬರುವ ನೌಕರರು. ಯಾರ ಜಾಗ ಯಾವುದೆಂದು ವರ್ಷಗಳ ಹಿಂದೆಯೇ ನಿಶ್ಚಯವಾಗಿರುತ್ತದೆ. ಬ್ರೀಫ್‌ಕೇಸನ್ನು ಮೊಣಕಾಲ ಮೇಲಿಟ್ಟು ಇಸ್ಪೀಟು, ನಡುನಡುವೆ ತಿನ್ನಲು ಮೆಂತ್ಯದ ಥೇಪ್ಲಾ, ಕರಿದ ಗಾಂಠಿಯಾ. ಹೊರಗಿನವನು ನಿಲ್ಲಬೇಕು. ನಾನೂ ನಿಂತೆ. ಟವೆಲು ಜಾರಿತು. ಕಿಟಕಿಯ ಬಳಿಯಿದ್ದ ಹಸಮುಖಭಾಯಿ, ಮಂಡಳಿಗೆಲ್ಲ ಹಿರಿಯರು, ಪೆಟ್ಟಿಗೆಯ ಜಾಲರಿಯನ್ನು ಬಗ್ಗಿ ನೋಡಿ ಗುಜರಾತಿಯಲ್ಲಿ ಹೇಳಿದರು: ‘ನನ್ನ ಷಡ್ಡಕನ ಹತ್ತಿರವೂ ಇದೆ ಇಂಥದು. ಮಲಗಿದಾಗ ಉಸಿರು ಕಟ್ಟುತ್ತಲ್ಲ, ಅದಕ್ಕೆ. ನಿಮಗೂ ಅದೇನಾ, ಸಾಹೇಬ್?’

ಹೌದೆಂಬಂತೆ ನನ್ನ ತಲೆ ತಾನೇ ಅಲ್ಲಾಡಿತು.

ಹಸಮುಖಭಾಯಿ ಎದ್ದರು. ಯಾರಿಗೂ ಬಿಟ್ಟುಕೊಡದ ತಮ್ಮ ಕಿಟಕಿಯ ಜಾಗವನ್ನು ತೋರಿಸಿ, ‘ಕೂಡಿ. ಗಾಳಿ ಬರಬೇಕು ನಿಮಗೆ’ ಎಂದರು. ಕುಳಿತೆ. ಅಂದಿನಿಂದ ಪ್ರತಿ ಸೋಮವಾರ ಆ ಜಾಗ ನನ್ನದಾಯಿತು. ಅವರು ಬಾಗಿಲ ಬಳಿ ನಿಂತೇ ಇಸ್ಪೀಟಿನ ಎಲೆ ಎಸೆಯುತ್ತಿದ್ದರು. ಒಬ್ಬರು ಅಜವಾನದ ಪೊಟ್ಟಣ ತಂದರು, ಮೂಸಿದರೆ ಎದೆ ಬಿಚ್ಚುತ್ತದಂತೆ. ಇನ್ನೊಬ್ಬರು ತಮ್ಮ ಪ್ರಾಣಾಯಾಮವನ್ನು ಆಣಂದ್ ಸ್ಟೇಷನ್ ಬರುವವರೆಗೆ ಮಾಡಿ ತೋರಿಸಿದರು. ನಾನೂ ಜೊತೆಗೆ ಮೂಗು ಹಿಡಿದು ಮಾಡಿದೆ. ಪ್ರತಿ ವಾರವೂ ಈ ವಾರ ಹೇಳಿಬಿಡಬೇಕು ಎಂದುಕೊಳ್ಳುವುದು, ಪ್ರತಿ ವಾರವೂ ಥೇಪ್ಲಾ ಬಾಯಿಗೆ ಬರುವುದು. ಸುಳ್ಳನ್ನು ಅಲ್ಲಗಳೆಯಬಹುದು, ಕರುಣೆಯನ್ನು ಅಲ್ಲಗಳೆಯುವುದು ಹೇಗೆ? ಮಾನ ಉಳಿಯಲೆಂದು ಆರಿಸಿದ ಪೆಟ್ಟಿಗೆ ಹೀಗೆ ವಾರವಾರವೂ ನನ್ನ ಮಾನ ತೆಗೆಯುತ್ತಿತ್ತು, ನನಗೊಬ್ಬನಿಗೇ ತಿಳಿಯುವಂತೆ.

ದೀಪಾವಳಿ ರಜೆಯಲ್ಲಿ ಅನಘಾ ನನ್ನ ಜೊತೆ ಸೂರತ್ತಿಗೆ ಹೊರಟಳು. ಮಂಡಳಿ ಇರುತ್ತದೆಂಬುದು ನನಗೆ ನೆನಪಿತ್ತು. ರೈಲಿನ ಬೇರೆ ಡಬ್ಬಿ ಹತ್ತೋಣವೆಂದು ಅವಳನ್ನು ಎಳೆದೆ. ಅಷ್ಟರಲ್ಲಿ ಹಸಮುಖಭಾಯಿ ಕಿಟಕಿಯಿಂದ ಕೈಬೀಸಿ ಕರೆದೇಬಿಟ್ಟರು. ಮಗಳಿಗೂ ಜಾಗ ಮಾಡಿಸಿದರು.

‘ಬೇಟಾ, ಪಪ್ಪಾನ ಮಶೀನು ಸ್ವಚ್ಛ ಮಾಡೋದು ಯಾರು?’

‘ನಾನೇ ಕಾಕಾ, ಪ್ರತಿ ರವಿವಾರ’ ಎಂದಳು ಅವಳು ಗುಜರಾತಿಯಲ್ಲಿ, ಹೆಮ್ಮೆಯಿಂದ. ಅದು ನಿಜ. ಜಾಲರಿಗೆ ಹತ್ತಿದ ನೂಲಿನ ಧೂಳನ್ನು ಬಣ್ಣದ ಬ್ರಶ್ಶಿನಿಂದ ತೆಗೆಯುತ್ತಾಳೆ.

‘ಒಳ್ಳೆಯದು. ಅದರಿಂದ ಮಲಗಿದಾಗ ಉಸಿರು ಸರಿ ಇರುತ್ತಾ?’

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ತಂಬಾಕಿನ ಹೊಲ ನೋಡಿದೆ. ಅವಳು ಮೆಲ್ಲಗೆ, ‘ಸರಿ ಇರುತ್ತೆ ಕಾಕಾ’ ಎಂದಳು. ಹಸಮುಖಭಾಯಿ ಅವಳ ತಲೆಯ ಮೇಲೆ ಕೈಯಿಟ್ಟು, ಮಗಳೆಂದರೆ ಹೀಗಿರಬೇಕು ಎಂದು ಮಂಡಳಿಗೆಲ್ಲ ಹೇಳಿದರು. ನಾನು ತಲೆಯಾಡಿಸಿ ಹೇಳಿದ ಸುಳ್ಳಿಗೆ ಮಗಳು ಮಾತು ಕೊಡಬೇಕಾಯಿತು. ಅಷ್ಟು ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಉಧ್ನಾದ ಕೋಣೆ ಸೇರಿದ ಮೇಲೆ ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೇಳಿದಳು:

‘ಅಂಗಡಿಯಾಗ ನೀ ನನ್ನ ಹುಡುಗ ಮಾಡಿದಿ. ನಾ ಕೇಳಿದ್ದೆ. ನಕ್ಕು ಬಿಟ್ಟೆ. ಈಗ ಬಿಮಾರಿ ಮಾಡಿದಿ.’

‘ನಿನ್ನಲ್ಲವ್ವಾ, ಆ ಪೆಟ್ಟಿಗೀನ ಅವರು ತಪ್ಪು ತಿಳಕೊಂಡ್ರು.’

‘ಪೆಟ್ಟಿಗಿ ಯಾರು ಕಟ್ಟಿದ್ದು, ಪಪ್ಪಾ?’

ನಾನು ಜಾಲರಿಯ ಧೂಳನ್ನು ಬೆರಳಿನಿಂದ ಒರೆಸತೊಡಗಿದೆ. ಅವಳೇ ಮುಂದುವರಿಸಿದಳು:

‘ನಮ್ಮ ಕಾಲೇಜದಾಗ ಸಬ್‌ಕೋ ಪತಾ ಹೈ, ಇದು ನಮ್ಮ ಪಪ್ಪಾ, ಫಸ್ಟ್ ಸಾಯ್ತಾರ, ಖೂಬ್ ಮಾತಾಡ್ತಾರ ಅಂತ. ನಂಗ ಶರಮ್ ಇಲ್ಲ. ನಿಂಗ ಯಾಕ?’

ಆ ಸಂಜೆ ಅವಳು ಆಡಲಿಲ್ಲ. ಮೂರನೆಯ ದಿನ ಹಗಲು ರೈಲಿಗೆ ಅಹಮದಾಬಾದಿಗೆ ಹೋದಳು. ಉಳಿದ ವಾರವೆಲ್ಲ ಸಂಜೆಯಾದರೆ ನಾನು ಕಂಪ್ಯೂಟರ್ ಹಚ್ಚಿ, ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದೆ. ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಹತ್ತಲೇ ಇಲ್ಲ. ಫೋನ್ ಮಾತ್ರ ಬಂತು: ‘ಊಟ ಆಯ್ತಾ ಪಪ್ಪಾ? ಓಕೆ, ಬಾಯ್.’ ಶನಿವಾರ ರವಿವಾರ ಮನೆಯಲ್ಲೂ ಅವಳು ನನ್ನ ಪಕ್ಕ ಆಡಲು ಕೂರಲಿಲ್ಲ. ಅಜ್ಜಿಯ ಮಾತುಗಳೆಲ್ಲ ನನ್ನ ಬಾಯಲ್ಲೇ ಉಳಿದವು.

ಮುಂದಿನ ಸೋಮವಾರ ರೈಲು ಹತ್ತಿದಾಗ ಹಸಮುಖಭಾಯಿ ಎಂದಿನಂತೆ ಎದ್ದು ಜಾಗ ಬಿಟ್ಟರು. ಕುಳಿತೆ. ಎದ್ದೆ. ಮತ್ತೆ ಕುಳಿತೆ. ಮಹೆಮದಾಬಾದ್ ಸ್ಟೇಷನ್ ದಾಟಿದ ಮೇಲೆ, ನನ್ನ ಹರುಕು ಗುಜರಾತಿಯಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟೆ: ಇದು ಉಸಿರಿನ ಮಶೀನಲ್ಲ, ಆಟ ಆಡುವ ಕಂಪ್ಯೂಟರ್, ನಾನೇ ಆಡುವುದು, ಮಗಳ ಜೊತೆ, ಅವಳೇ ಕಟ್ಟಿದ್ದು, ಅವತ್ತು ಅವಳು ಹೇಳಿದ್ದು ನನ್ನ ಮಾನ ಉಳಿಸಲಿಕ್ಕೆ.

ಇಸ್ಪೀಟು ನಿಂತಿತು. ಅಜವಾನ ತಂದವರು ಪ್ರಾಣಾಯಾಮದವರ ಮುಖ ನೋಡಿದರು. ಹಸಮುಖಭಾಯಿ ಪೆಟ್ಟಿಗೆಯನ್ನು ಮತ್ತೊಮ್ಮೆ ಬಗ್ಗಿ ನೋಡಿ ಕೇಳಿದರು:

‘ಅಂದರೆ ಉಸಿರಾಟ ಚೆನ್ನಾಗಿದೆ?’

‘ಚೆನ್ನಾಗಿದೆ.’

‘ನಿದ್ದೆ?’

‘ಬರುತ್ತೆ.’

‘ಹಾಗಾದರೆ ಏಳಿ.’

ಎದ್ದೆ. ಅವರು ಕಿಟಕಿಯ ಬಳಿ ಕುಳಿತು, ಧೋತರ ಸರಿಮಾಡಿಕೊಂಡು, ‘ಎಲೆ ಹಂಚಿ’ ಎಂದರು. ಆಟ ಮುಂದುವರಿಯಿತು. ಯಾರೂ ಬೈಯಲಿಲ್ಲ, ಯಾರೂ ಥೇಪ್ಲಾ ಕೊಡಲೂ ಇಲ್ಲ. ಕಾಲ ನಡುವೆ ಪೆಟ್ಟಿಗೆ ಇಟ್ಟುಕೊಂಡು ಸಲಾಕೆ ಹಿಡಿದು ನಿಂತೆ. ವಡೋದರದಲ್ಲಿ ಇಳಿಯುವಾಗ ಹಸಮುಖಭಾಯಿ ಬಾಗಿಲಲ್ಲಿ ತಿರುಗಿ, ‘ಕಟ್ಟಿದ್ದು ಹುಡುಗೀನೇ ತಾನೇ? ನನ್ನ ಮೊಮ್ಮಗಳ ಕಂಪ್ಯೂಟರ್ ಕೆಟ್ಟು ಕೂತಿದೆ. ಕೇಳಿ ನೋಡಿ’ ಎಂದು ಹೇಳಿ ಇಳಿದರು.

ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹೇಳಿದೆ ಎಂದೆ. ಯಾರಿಗೆ ಎಂದಳು. ಎಲ್ಲರಿಗೂ ಎಂದೆ.

‘ಕಾಕಾ ಏನಂದ್ರು?’

‘ಏಳು ಅಂದ್ರು.’

‘ಮತ್ತ?’

‘ನಿಂತೀನಿ.’

ಆ ಕಡೆಯಿಂದ ನಗು ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೊರಬೀಳುವಂಥ ನಗು. ‘ಇನ್ನೊಂದೀಟು ನಿಂದ್ರು, ಪಪ್ಪಾ’ ಎಂದಳು. ‘ಸಂಜೀಕ ಆಟಕ್ಕ ಬರ್ತೀನಿ.’

ಮಂಡಳಿ ಇಳಿದ ಮೇಲೆ ಡಬ್ಬಿಯಲ್ಲಿ ಅರ್ಧಕ್ಕರ್ಧ ಜಾಗ ಖಾಲಿಯಾಗಿತ್ತು. ಭರೂಚಿನ ಹತ್ತಿರ ಶೇಂಗಾ ಮಾರುವವನು ಬಂದು, ಇಷ್ಟೆಲ್ಲ ಖಾಲಿ ಇರುವಾಗ ಯಾಕೆ ನಿಂತಿದ್ದೀರಿ, ಕೂಡಿ ಸಾಹೇಬ್ ಎಂದ.

‘ನನ್ನ ಮಗಳು ನಿಲ್ಲು ಅಂದಿದ್ದಾಳೆ’ ಎಂದೆ.

ಅವನು ಶೇಂಗಾದ ಪೊಟ್ಟಣ ಕಟ್ಟಿಕೊಟ್ಟು, ನಾನು ಹಿಡಿದ ಸಲಾಕೆಗೇ ಬುಟ್ಟಿ ಒರಗಿಸಿ, ನರ್ಮದೆ ದಾಟುವವರೆಗೆ ತಾನೂ ನನ್ನ ಪಕ್ಕದಲ್ಲಿ ನಿಂತ. ಅವನಿಗೂ ಒಬ್ಬಳು ಮಗಳಿರಬೇಕು.