ಎಲೆ ಬಂದ ಮೇಲೆ ಕಾಣೆಯಾದ ಮರ

ಬಟ್ಟೆ ಬದಲಾದರೆ ನನಗೆ ಜನರ ಗುರುತು ಸಿಗುವುದಿಲ್ಲ. ಕಣ್ಣಿನ ದೋಷ ಇರಬಹುದೆಂದು ಕನ್ನಡಕ ಬದಲಿಸಿ ನೋಡಿದೆ. ದೋಷ ಇನ್ನೂ ಸ್ಪಷ್ಟವಾಗಿ ಕಂಡಿತು, ಅಷ್ಟೆ. ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಒಮ್ಮೆ ಲುಂಗಿಯುಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಅರಸೀಕೆರೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರು. ನಾನು ಅವರನ್ನೇ ವ್ಯಾಪಾರಿಯೆಂದು ತಿಳಿದು ಕಿಲೋಗೆ ಎಷ್ಟು ಎಂದು ಕೇಳಿದೆ. ಅವರು ಬೆಲೆ ಹೇಳಿದರು. ನಾನು ಜಾಸ್ತಿಯಾಯಿತೆಂದು ಚೌಕಾಸಿಯನ್ನೂ ಮಾಡಿದೆ. ಸೋಮವಾರ ಆಫೀಸಿನಲ್ಲಿ ಇಬ್ಬರೂ ಆ ವಿಷಯ ಎತ್ತಲಿಲ್ಲ. ಮದುವೆಮನೆಗಳಲ್ಲಂತೂ ನನ್ನ ಹೆಂಡತಿ ಪದ್ಮ ಪಕ್ಕದಲ್ಲೇ ನಿಂತು, ರೇಷ್ಮೆ ಸೀರೆ ಉಟ್ಟು ನಮ್ಮ ಕಡೆ ಬರುತ್ತಿರುವವರು ಎದುರು ಮನೆಯವರೇ ಎಂದು ಕಿವಿಯಲ್ಲಿ ಉಸುರಬೇಕು. ಈ ಕಾಯಿಲೆ ಮನುಷ್ಯರ ಮಟ್ಟಿಗೆ ಮಾತ್ರ ಎಂದುಕೊಂಡಿದ್ದೆ. ಕಾಡಿನ ಮಟ್ಟಿಗೂ ಇದೆ ಎಂದು ಹೋದ ಕಾರ್ತಿಕದಲ್ಲಿ ಗೊತ್ತಾಯಿತು.

ಆ ಕಾಡನ್ನು ನಾನು ಮೊದಲು ನೋಡಿದ್ದು ಫಾಲ್ಗುಣದಲ್ಲಿ. ಬಸವರಾಜು ಎಂಬ ನನ್ನ ಸ್ಕೂಲಿನ ಕಾಲದ ಸ್ನೇಹಿತ ಕೊಬ್ಬರಿ ವರ್ತಕ. ಅವನ ಜೀಪಿನಲ್ಲಿ ಕಣಕಟ್ಟೆ ಕಡೆ ಒಂದು ತೋಟ ನೋಡಿಕೊಂಡು ಬರುವಾಗ ಇಂಜಿನ್ನು ಕಾದು ಹೊಗೆ ಬಂತು. ಅದು ತಣ್ಣಗಾಗಲೆಂದು ರಸ್ತೆ ಬದಿಯ ಗುಡ್ಡದ ಕಾಡಿಗೆ ಇಳಿದೆವು. ಒಂದು ಮರದಲ್ಲೂ ಎಲೆ ಇರಲಿಲ್ಲ. ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು. ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಮಾತ್ರ ಎಲೆಯ ಹಂಗಿಲ್ಲದೆ ಮೈತುಂಬ ಕೆಂಪು ಹೂ ಬಿಟ್ಟು ನಿಂತಿತ್ತು. ರಸ್ತೆಯಿಂದಲೇ ಒಂದು ಗೂನುಬೆನ್ನಿನ ಬಂಡೆ ಕಾಣುತ್ತಿತ್ತು. ಬಂಡೆಯ ಎಡಕ್ಕೆ ಒಂದು ಹುತ್ತ, ಹುತ್ತದ ಹಿಂದೆ ಒಂದು ನೆಲ್ಲಿಮರ. ಬೋಳು ಕೊಂಬೆಗಳಲ್ಲಿ ಕಾಯಿಗಳು ಮಾತ್ರ ಜೋತಾಡುತ್ತಿದ್ದವು. ಕಿತ್ತು ತಿಂದು, ಮೇಲೆ ನೀರು ಕುಡಿದು, ಬಾಯೆಲ್ಲ ಸಿಹಿಯಾಗಿ ಊರಿಗೆ ಬಂದೆ. ಅಷ್ಟಕ್ಕೇ ಆ ಕಾಡು ನನ್ನದೇ ಎನ್ನುವ ಹಾಗೆ ಮಾತಾಡತೊಡಗಿದೆ.

ಎಲೆ ಉದುರಿಸುವ ಕಾಡೆಂದರೆ ಬಿಕ್ಕೋಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ತಾತ್ಸಾರ. ಅವನ ಸುತ್ತ ಕಾಫಿ ತೋಟ, ವರ್ಷವಿಡೀ ನೆರಳು. ನಮ್ಮ ಗುಡ್ಡಗಳನ್ನು ನೋಡಿದಾಗಲೆಲ್ಲ, ಇದು ಕಾಡೋ ಸೌದೆ ಡಿಪೋವೋ ಎಂದು ಕೇಳುತ್ತಾನೆ. ನನಗೇನೋ ಈ ಮರಗಳ ಸಂಸಾರ ನಮ್ಮಂಥ ಸಂಬಳದವರ ಸಂಸಾರದ ಹಾಗೆ ಕಾಣುತ್ತದೆ. ನೀರು ಕಡಿಮೆಯಾಗುತ್ತಲೇ ಖರ್ಚು ನಿಲ್ಲಿಸಿ, ಇದ್ದ ಎಲೆಯನ್ನೆಲ್ಲ ಕೆಳಗಿಟ್ಟು, ಸುಮ್ಮನೆ ಕೂತುಬಿಡುತ್ತವೆ. ನಾಚಿಕೆಯಿಲ್ಲ, ಗೋಳಾಟವಿಲ್ಲ. ಮೊದಲ ಮಳೆ ಬಿದ್ದ ಮೇಲೆ ನೋಡಬೇಕು ಅವುಗಳ ದರ್ಬಾರು.

ಎಲೆ ಉದುರದ ಮರವೇ ಬೇಕೆನ್ನುವವರು ಬೇಲೂರಿಗೆ ಹೋಗಬಹುದು. ದೇವಸ್ಥಾನದ ಮದನಿಕೆಯರ ತಲೆಯ ಮೇಲೆ ಶಿಲ್ಪಿಗಳು ಎಲೆ, ಬಳ್ಳಿ, ಹಣ್ಣುಗಳ ಚಪ್ಪರ ಕೆತ್ತಿದ್ದಾರೆ. ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ಎಲ್ಲರ ಕಣ್ಣೂ ಅದರ ಕೆಳಗೇ ನಿಂತುಬಿಡುತ್ತದೆ. ನಾನೊಮ್ಮೆ ಕತ್ತು ನೋಯುವಷ್ಟು ಹೊತ್ತು ಆ ಎಲೆಗಳನ್ನೇ ನೋಡಿ, ಇದು ಯಾವ ಮರ ಎಂದು ಗೈಡನ್ನು ವಿಚಾರಿಸಿದೆ. ಆತ ನನ್ನನ್ನೊಮ್ಮೆ, ಪದ್ಮಳನ್ನೊಮ್ಮೆ ನೋಡಿ, ಯಜಮಾನರು ಮನೆಯವರ ಮುಂದೆ ಸಂಕೋಚಪಡುತ್ತಿದ್ದಾರೆ ಎಂದು ನಕ್ಕುಬಿಟ್ಟ. ನನ್ನ ವೃಕ್ಷಶಾಸ್ತ್ರದ ಅಭ್ಯಾಸ ಅಲ್ಲಿಗೇ ನಿಂತಿತು.

ಈಗ ನಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಅತ್ತೆ, ಅಂದರೆ ಪದ್ಮಳ ತಾಯಿ, ಹಳೇಬೀಡಿನವರು, ದೇವಸ್ಥಾನದ ಪೂಜೆಯ ಮನೆತನದ ಮಗಳು. ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ನಮ್ಮ ಮನೆಯ ಅಡುಗೆಮನೆ ಯಾರದು ಎಂಬ ಪ್ರಶ್ನೆಗೆ ಪದ್ಮಳೂ ಅವರ ಕಡೆಗೇ ಬೆರಳು ತೋರಿಸುತ್ತಾಳೆ. ಕಾರ್ತಿಕ ಮಾಸದಲ್ಲಿ ವನಭೋಜನ ಮಾಡುವುದು ಅವರ ತವರಿನ ಪದ್ಧತಿ. ನಮ್ಮ ಮನೆಯಲ್ಲಿ ಅದನ್ನು ತಾರಸಿಯ ಮೇಲೆ ಮಾಡುತ್ತೇವೆ. ಮಾರ್ಕೆಟ್ಟಿನಿಂದ ತಂದ ನೆಲ್ಲಿಯ ಕೊಂಬೆಯೊಂದನ್ನು ಬಕೆಟ್ಟಿನ ಮರಳಿನಲ್ಲಿ ನೆಟ್ಟರೆ ಅದೇ ವನ. ನೀರಿನ ಟ್ಯಾಂಕಿನ ನೆರಳೇ ಮರದ ನೆರಳು. ಹೋದ ಕಾರ್ತಿಕ ಹತ್ತಿರವಾದಾಗ ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, ಒಂದೇ ಒಂದು ಸಲ ನಿಜವಾದ ಕಾಡಿನಲ್ಲಿ ಕೂತು ಊಟ ಮಾಡಬೇಕು ಎಂದರು. ಹುಡುಗಿಯಾಗಿದ್ದಾಗ ಹುಲಿಕೆರೆ ದಾಟಿ ಗುಡ್ಡದ ಬುಡಕ್ಕೆ ಹೋಗುತ್ತಿದ್ದರಂತೆ. ಮುಂದಿನ ವರ್ಷ ಈ ಮಂಡಿ ಯಾವ ಗುಡ್ಡಕ್ಕೂ ಒಪ್ಪುವುದಿಲ್ಲ ಎಂದೂ ಸೇರಿಸಿದರು.

ನಾನು ತಕ್ಷಣ ನನ್ನ ಕಾಡನ್ನು ಮುಂದಿಟ್ಟೆ. ಕಾಡಷ್ಟೇ ಸಾಲದು, ಕಾರ್ತಿಕದ ಊಟ ನೆಲ್ಲಿಮರದ ಕೆಳಗೇ ಆಗಬೇಕು, ನೆಲ್ಲಿಗೆ ಧಾತ್ರಿ ಎಂದು ಹೆಸರು, ಅದರ ನೆರಳಿನಲ್ಲಿ ಉಂಡ ಒಂದೊಂದು ಅಗುಳಿಗೂ ಪುಣ್ಯವಿದೆ ಎಂದು ನನಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಹೇಳಿದೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಬಂಡೆ, ಬಂಡೆಯ ಎಡಕ್ಕೆ ಹುತ್ತ, ಹುತ್ತದ ಹಿಂದೆ ಮರ ಎಂದು ಗಾಳಿಯಲ್ಲಿ ನಕ್ಷೆ ಬರೆದು ತೋರಿಸಿದೆ. ಮರದ ಕೆಳಗೆ ದೀಪ ಹಚ್ಚುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಅತ್ತೆ ಹೇಳಿದಾಗ, ಗೊತ್ತಿರುವ ಮರ ತಾನೇ, ತಿಂಡಿಯ ಹೊತ್ತಿಗೆಲ್ಲ ದೀಪ ಹಚ್ಚಬಹುದು ಎಂದು ಧೈರ್ಯ ಕೊಟ್ಟೆ.

ಬಸವರಾಜುವಿನ ಜೀಪಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಪದ್ಮ, ಅತ್ತೆ, ಮತ್ತು ಇಬ್ಬರ ನಡುವೆ ಪುಳಿಯೋಗರೆಯ ಪಾತ್ರೆ. ಕಾಡು ಬಂತು. ಬಂತು ಎಂದು ಬಸವರಾಜು ಹೇಳಿದ, ನಾನು ನಂಬಲಿಲ್ಲ. ಫಾಲ್ಗುಣದಲ್ಲಿ ನಾನು ಪರಿಚಯ ಮಾಡಿಕೊಂಡಿದ್ದ ಬಡಕಲು ಮರಗಳು ಒಂದೂ ಇರಲಿಲ್ಲ. ಯಾರೋ ಬೇರೆಯವರು ಮೈತುಂಬ ಹಸಿರು ಹೊದ್ದು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಮುತ್ತುಗ ಯಾವುದು ಎಂದೇ ಗೊತ್ತಾಗಲಿಲ್ಲ, ಹೂವಿಲ್ಲದ ಅದನ್ನು ನಾನು ನೋಡಿದವನೇ ಅಲ್ಲ. ಬಂಡೆ ಎಲೆಗಳ ಹಿಂದೆ ಎಲ್ಲೋ ಅಡಗಿತ್ತು. ಬಂಡೆ ಇಲ್ಲದ ಮೇಲೆ ಅದರ ಎಡಕ್ಕೆ ಹೋಗುವುದು ಹೇಗೆ?

ಆದರೂ ಹೇಳಿಕೊಳ್ಳಲೇಬೇಕು, ಕಾಡು ಬಲು ಚೆನ್ನಾಗಿತ್ತು. ಸೊಂಟದವರೆಗೆ ಬೆಳೆದ ಹುಲ್ಲು ತೆನೆ ಬಿಟ್ಟಿತ್ತು. ಎಲ್ಲೆಲ್ಲೂ ಚಿಟ್ಟೆ. ಎಲೆಗಳ ಸಂದಿಯಿಂದ ಬಿಸಿಲು ಚಿಲ್ಲರೆಯ ಹಾಗೆ ನೆಲದ ಮೇಲೆ ಚೆಲ್ಲಿತ್ತು. ನನಗೆ ಅದನ್ನು ಸವಿಯಲು ಪುರಸೊತ್ತಿರಲಿಲ್ಲ. ಸಣ್ಣ ಎಲೆಯ ಮರ ಕಂಡಾಗಲೆಲ್ಲ ಸಿಕ್ಕಿತು ಎಂದು ಓಡುತ್ತಿದ್ದೆ. ಹತ್ತಿರ ಹೋದರೆ ಮುಳ್ಳು. ದೂರದಿಂದ ನೆಲ್ಲಿಯಂತೆ ಕಾಣುವ ಜಾಲಿಯ ಜಾತಿಗಳು ಆ ಗುಡ್ಡದಲ್ಲಿ ಎಷ್ಟಿವೆಯೋ, ಅಷ್ಟೂ ನನ್ನ ಅಂಗಿಯನ್ನು ಹಿಡಿದೆಳೆದವು. ಕರಡಿ ಇರುವ ಸೀಮೆ ಎಂದು ಯಾರೋ ಹೇಳಿದ್ದರಿಂದ ಪದ್ಮ ಹಿಂದಿನಿಂದ ಚಪ್ಪಾಳೆ ತಟ್ಟುತ್ತ ಬರುತ್ತಿದ್ದಳು. ಒಂದೊಂದು ಮುಳ್ಳಿನ ಮರದಿಂದ ನಾನು ವಾಪಸು ಬರುವಾಗಲೂ ಸರಿಯಾಗಿ ಆ ಚಪ್ಪಾಳೆ ಕೇಳಿಸುತ್ತಿತ್ತು.

ನಾನು ಬಸವರಾಜುವಿನ ಮೇಲೆ ರೇಗಿದೆ. ಅವತ್ತು ನೀನೂ ಇದ್ದೆಯಲ್ಲ, ಮರ ಎಲ್ಲಿ ಎಂದು ಕೇಳಿದೆ. ಅವನು ವರ್ಷವಿಡೀ ಒಂದೇ ವೇಷದಲ್ಲಿರುವ ತೆಂಗಿನಮರದ ಜೊತೆ ಬಾಳಿದವನು. ಬೇರೆ ಮರಗಳನ್ನು ನಂಬುವುದಿಲ್ಲ.

"ಮರ ಎಲ್ಲಿತ್ತೋ ಅಲ್ಲೇ ಐತೆ ಕಣ್ಲಾ ಮೂರ್ತಿ," ಎಂದ. "ನಾವ್ ಎಲ್ಲಿದೀವಿ, ಅದನ್ನ ಹೇಳು."

ಹೊತ್ತು ನೆತ್ತಿಗೆ ಬಂತು. ಅತ್ತೆ ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಕೂಡ ಕುಡಿದಿರಲಿಲ್ಲ. ಬಸವರಾಜು ಎದುರಿಗಿಲ್ಲದ ಹೊತ್ತು ನೋಡಿಕೊಂಡು ಪದ್ಮ ನನ್ನನ್ನು ಎರಡು ಮಾತು ಅಂದಳು. ವಾಪಸು ಹೋಗೋಣ, ತಾರಸಿಯ ಮೇಲೆ ಬಕೆಟ್ಟು ಇದ್ದೇ ಇದೆ ಎಂದೂ ಅಂದಳು. ನನಗೆ ನಿಜವಾಗಿ ಸಂಕಟವಾಯಿತು. ಆ ಮಂಡಿ ಹೊತ್ತುಕೊಂಡು ಇಷ್ಟು ದೂರ ಬಂದವರನ್ನು ಮತ್ತೆ ಟ್ಯಾಂಕಿನ ನೆರಳಿಗೆ ಕರೆದೊಯ್ಯುವುದು ಹೇಗೆ? ಇನ್ನು ಸ್ವಲ್ಪ ಮುಂದೆ ನೋಡಿ ಬರುತ್ತೇನೆ ಎಂದು ತಿರುಗಿದೆ. ಅತ್ತೆ ಅಷ್ಟರಲ್ಲಿ ಒಂದು ಮರದ ಬುಡದಲ್ಲಿ ಸೆರಗಿನಿಂದ ಎಲೆ ಸರಿಸಿ ಕೂತಾಗಿತ್ತು. ಚೀಲದಿಂದ ನೆಲ್ಲಿಕಾಯಿ ತೆಗೆದು, ಮೇಲ್ಭಾಗ ಕೊರೆದು, ತುಪ್ಪದ ಬತ್ತಿಯಿಟ್ಟು ದೀಪವನ್ನೂ ಹಚ್ಚಿಬಿಟ್ಟರು.

ಅತ್ತೆ, ಇದು ನೆಲ್ಲಿ ಅಲ್ಲ ಎಂದೆ. ಯಾವುದು ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ಅಳಿಯಂದ್ರೇ, ಅಷ್ಟು ವರ್ಷ ಸೌದೆ ಒಲೇಲಿ ಬೇಯಿಸಿದೀನಿ. ಯಾವ ಮರದ ಸೌದೆ ಅಂತ ಒಂದು ದಿನಾನೂ ಕೇಳ್ಲಿಲ್ಲ. ಉಣ್ಣೋಕೆ ಕೂತಾಗ ಮಾತ್ರ ಯಾಕೆ ಕೇಳ್ಬೇಕು?"

ನಾನು ಅಂಗಿಗೆ ಅಂಟಿದ ಮುಳ್ಳುಗಳನ್ನು ಕಿತ್ತೆಸೆದೆ. ಎಲ್ಲರೂ ಕೂತೆವು. ಪದ್ಮ ಮನೆಯಿಂದ ತಂದ ಮುತ್ತುಗದ ಊಟದೆಲೆಗಳನ್ನು ಹಾಸಿದಳು. ಕಡ್ಡಿ ಚುಚ್ಚಿ ಹಚ್ಚಿದ ಊಟದೆಲೆಯ ರೂಪದಲ್ಲಾದರೆ ಮುತ್ತುಗದ ಗುರುತು ನನಗೆ ಚೆನ್ನಾಗಿ ಸಿಗುತ್ತದೆ. ಎಲೆ ಎಷ್ಟು ಹಾಕಲಿ ಎಂದು ಅವಳು ಕೇಳಿದಾಗ ಅತ್ತೆ, ನನಗೂ ಈಗಲೇ ಹಾಕು, ನಾನೂ ನಿಮ್ಮ ಜೊತೆಗೇ ಕೂರುವವಳು ಎಂದರು. ಪದ್ಮ ತಾಯಿಯ ಮುಖ ನೋಡಿದಳು.

"ಏನೇ ನೋಡ್ತೀಯ? ಕಾಡಲ್ಲಿ ಅಡುಗೆಮನೆ ಇರಲ್ಲ ಕಣೇ. ಅಲ್ಲಿ ಹುಲಿಕೆರೆ ಹತ್ರ ನಮ್ಮಮ್ಮನೂ ಎಲ್ಲರ ಜೊತೆ ಕೂತ್ಕೋತಿದ್ಲು, ವರ್ಷಕ್ಕೆ ಅದೊಂದು ದಿನ. ನಾನು ಕೇಳಿದ್ದು ಅದನ್ನ. ಮರ ಸೇರಿಸಿದ್ದು ಇವರು."

ಅವರ ಎಲೆಯ ಮುಂದೆ ನಾನೇ ನಿಂತು ಬಡಿಸಿದೆ. ಕೋಸಂಬರಿಯನ್ನು ಎಲ್ಲಿ ಹಾಕಬೇಕೋ ಅಲ್ಲಿ ಹಾಕಲಿಲ್ಲ, ಯಾರೂ ತಪ್ಪು ಹಿಡಿಯಲಿಲ್ಲ. ಬಸವರಾಜು ತನ್ನ ತೋಟದ ಎಳನೀರು ಕೆತ್ತಿದ. ಪದ್ಮ ಕರಡಿಯನ್ನು ಮರೆತಳು. ಅತ್ತೆ ಕಾಲು ನೀಡಿಕೊಂಡು, ಮರಕ್ಕೆ ಒರಗಿ, ಯಾರಿಗೂ ಏನು ಬೇಕೆಂದು ಕೇಳದೆ, ಒಂದೇ ಮನಸ್ಸಿನಿಂದ ಊಟ ಮಾಡಿದರು. ಬೇಗ ಬೇಗ, ಸ್ಕೂಲಿಗೆ ಹೊತ್ತಾದ ಹುಡುಗಿಯಂತೆ. ಪುಳಿಯೋಗರೆಯ ಕಡಲೆಬೀಜಗಳನ್ನೆಲ್ಲ ಬದಿಗೆ ಕೂಡಿಟ್ಟುಕೊಂಡು ಕೊನೆಯಲ್ಲಿ ಒಟ್ಟಿಗೆ ತಿಂದರು. ಮದುವೆಯಾಗಿ ಇಷ್ಟು ಕಾಲ ಅವರ ಕೈಯ ಅಡುಗೆ ಉಂಡಿದ್ದೇನೆ. ಅವರು ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಪುಳಿಯೋಗರೆಯನ್ನು ಅವರು ಎರಡನೆಯ ಸಲ ಕೇಳಿದರು, ಹಾಕಿದೆ. ಮೂರನೆಯ ಸಲ ಹಾಕಿಸಿಕೊಳ್ಳುವುದು ನಮ್ಮ ಮನೆಯಲ್ಲಿ ನನ್ನ ಹಕ್ಕು. ಅವತ್ತು ಅವರೇ ಎಲೆಯನ್ನು ಸ್ವಲ್ಪ ಮುಂದೆ ಸರಿಸಿದರು. ಪಾತ್ರೆಯ ತಳ ಕೆರೆದು ಇದ್ದಷ್ಟನ್ನೂ ಅವರಿಗೇ ಬಡಿಸಿ, ನನ್ನ ಎಲೆಗೆ ಬಂದು ಕೂತು ಮೊಸರನ್ನ ಕಲಸಿಕೊಂಡೆ. ಮೊಸರನ್ನ ಬಹಳ ಚೆನ್ನಾಗಿತ್ತು.