ಕೈಗೆ ಕೆಲಸ, ತಲೆಗೆ ಬಿಡುವು

ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಜನರೇಟರ್ ಕೋಣೆಗೂ ನಡುವೆ, ಬಟ್ಟೆ ಒಗೆಯುವ ಉದ್ದನೆಯ ಹಾಲ್ ಒಂದಿತ್ತು. ಬೆಳಿಗ್ಗೆ ಆರಕ್ಕೆ ಅದರ ಬಾಗಿಲು ತೆರೆದರೆ ಸಾಕು, ಒಳಗಿನ ಬಿಸಿ ಆವಿ ಎದುರು ಬಂದು ಮುಖವನ್ನು ಅಪ್ಪಿಕೊಳ್ಳುತ್ತಿತ್ತು. ಗೋಡೆ ಕಾಣುತ್ತಿರಲಿಲ್ಲ, ಗಡಿಯಾರ ಕಾಣುತ್ತಿರಲಿಲ್ಲ. ಬಿಳಿಯ ಒಳಗೆ ಬಿಳಿಯಾಗಿ ಶೀಟುಗಳು ಮಾತ್ರ ತೇಲುತ್ತಿದ್ದವು. ಮಡಿಸುವ ಕೆಲಸಕ್ಕೆ ಇಬ್ಬಿಬ್ಬರ ಜೋಡಿ. ಈ ತುದಿಯಲ್ಲಿ ಒಬ್ಬಳು ಎರಡು ಮೂಲೆ ಹಿಡಿದರೆ ಆ ತುದಿಯಲ್ಲಿ ಇನ್ನೊಬ್ಬಳು ಎರಡು ಮೂಲೆ. ಒಮ್ಮೆ ಕೊಡವಿ, ಉದ್ದಕ್ಕೆ ಎರಡು ಮಡಿಕೆ ಹಾಕಿ, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮತ್ತೆ ಹಿಂದಕ್ಕೆ ಹೋಗಬೇಕು, ಮತ್ತೆ ಮುಂದಿನ ಶೀಟು.

ಅಲ್ಲಿ ಐದು ವರ್ಷದಿಂದ ಶೀಟು ಮಡಿಸುತ್ತಿದ್ದ ಒಬ್ಬಳಿಗೆ ಎಲ್ಲರೂ ಸೇರಿ ಮೋಡಮ್ಮ ಎಂದು ಹೆಸರಿಟ್ಟಿದ್ದರು. ವಯಸ್ಸು ಇಪ್ಪತ್ತನಾಲ್ಕು. ಮನೆಯಲ್ಲಿ ಬಸ್ಸು ಓಡಿಸುವ ಗಂಡ, ಬಾಯಿ ಜೋರಾದ ಅತ್ತೆ, ಒಂದೂವರೆ ವರ್ಷದ ಪುಟ್ಟಿ. ಕೈ ಶೀಟಿನ ಮೇಲಿದ್ದರೂ ಅವಳ ಮನಸ್ಸು ಎಲ್ಲೋ ಮಾಡಿನ ಹತ್ತಿರ ಅಲೆಯುತ್ತಿರುತ್ತಿತ್ತು. ಮಡಿಕೆ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲವಾದ್ದರಿಂದ ಮೇಲ್ವಿಚಾರಕರು ತಕರಾರು ಎತ್ತುವಂತಿರಲಿಲ್ಲ. ಅವಳ ಜೋಡಿ, ಐವತ್ತು ದಾಟಿದ ದೊಡ್ಡಕ್ಕ, ಆಗಾಗ ಶೀಟನ್ನು ಒಮ್ಮೆ ಜಗ್ಗಿ ಕೂಗುತ್ತಿದ್ದಳು: "ಏ ಮೋಡಮ್ಮ, ಇಳೀ ಕೆಳಗೆ! ಈ ಕಡೆ ನಾನೊಬ್ಬಳು ಇದ್ದೀನಿ."

ಆ ವರ್ಷ ಮೋಡಮ್ಮ ಶಾಲೆಗೆ ಸೇರಿದಳು. ಹತ್ತನೆಯ ತರಗತಿಯ ನಂತರ ಓದು ಬಿಟ್ಟವರನ್ನು ಮಧ್ಯಾಹ್ನದ ತರಗತಿಗೆ ತೆಗೆದುಕೊಳ್ಳುವ ಶಾಲೆ ಅದು. ಎರಡು ವರ್ಷ, ಆರು ವಿಷಯ, ಜೊತೆಗೊಂದು ಉದ್ದನೆಯ ಪ್ರಬಂಧ. ಕಟ್ಟುನಿಟ್ಟಾದ ಓದು ಎಂದು ಊರೆಲ್ಲ ಹೆದರುತ್ತಿತ್ತು. ಒಂದೊಂದು ವಿಷಯಕ್ಕೂ ಏಳು ಅಂಕ. ಯಾವುದಾದರೂ ಒಂದು ವಿಜ್ಞಾನ ತೆಗೆದುಕೊಳ್ಳಲೇಬೇಕು, ಅದರಲ್ಲಿ ನಾಲ್ಕಕ್ಕಿಂತ ಕಡಿಮೆ ಬಂದರೆ ಸರ್ಟಿಫಿಕೇಟ್ ಇಲ್ಲ. ಇಪ್ಪತ್ತೈದು ತುಂಬಿದವರಿಗೆ ಸೀಟೂ ಇಲ್ಲ. ಅಂದರೆ ಅವಳ ಪಾಲಿಗೆ ಇದೇ ಮೊದಲು, ಇದೇ ಕೊನೆ. ಆ ಸರ್ಟಿಫಿಕೇಟ್ ಕೈಗೆ ಬಂದರೆ ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಗೆ ಅರ್ಜಿ ಹಾಕಬಹುದು. ತಗ್ಗಾದ ಮೇಜು, ಬಣ್ಣದ ಪೆನ್ಸಿಲ್, ಅವಳ ಮಾತಿಗೆ ಕಾದು ಕುಳಿತ ಇಪ್ಪತ್ತು ಪುಟ್ಟ ಮುಖಗಳು. ಆವಿಯ ನಡುವೆ ಅವಳು ಎಷ್ಟೋ ಸಲ ಆ ಕೋಣೆಗೆ ಹೋಗಿ ಬಂದಿದ್ದಳು. ಕಿಟಕಿಗೆ ಯಾವ ಬಣ್ಣದ ಪರದೆ ಎನ್ನುವುದನ್ನೂ ಗೊತ್ತು ಮಾಡಿಕೊಂಡಿದ್ದಳು.

ಆದರೆ ವಿಜ್ಞಾನ ಯಾವುದು? ಸುಲಭವಾದದ್ದು ಯಾವುದು ಎಂದು ಕಂಡಕಂಡವರನ್ನು ಕೇಳಿದಳು. ಎಲ್ಲರದೂ ಒಂದೇ ಉತ್ತರ: ಬಯಾಲಜಿ.

"ಲೆಕ್ಕ ಇಲ್ಲ, ತಲೆಬಿಸಿ ಇಲ್ಲ, ಓದಿ ಒಪ್ಪಿಸಿದ್ರೆ ಆಯ್ತು," ಎಂದ ಗಂಡ, ತಾನೇ ಓದಿ ಒಪ್ಪಿಸಿದವನ ಹಾಗೆ.

ಅತ್ತೆಯಂತೂ ಪುಟ್ಟಿಯ ಬಾಯಿ ಒರೆಸುತ್ತಾ ಒಂದೇ ಏಟಿಗೆ ತೀರ್ಮಾನ ಕೊಟ್ಟುಬಿಟ್ಟರು. "ಹೆತ್ತಿದ್ದೀಯ, ಹಾಲು ಕುಡಿಸಿದ್ದೀಯ. ಅರ್ಧ ಬಯಾಲಜಿ ಮುಗೀತಲ್ಲಮ್ಮ. ಇನ್ನರ್ಧ ಓದ್ಕೊ."

ಫಿಸಿಕ್ಸ್ ಹೆಸರನ್ನು ಯಾರೂ ಎತ್ತಲಿಲ್ಲ. ಹತ್ತನೆಯ ತರಗತಿಯಲ್ಲಿ ಅದರಲ್ಲಿ ಅವಳು ಹೇಗೋ ದಡ ಸೇರಿದ್ದಳು. ಅವಳು ಬಯಾಲಜಿಗೆ ಗುರುತು ಹಾಕಿ ಬಂದಳು.

ಪುಸ್ತಕ ತಲೆದಿಂಬಿನಷ್ಟು ದಪ್ಪ. ಓದಿದರೆ ಚೆನ್ನಾಗಿಯೇ ಇತ್ತು. ಎಲೆಯೊಳಗಿನ ಕೋಣೆಗಳು, ರಕ್ತದಲ್ಲಿ ತೇಲುವ ತಟ್ಟೆಗಳು ಅವಳಂಥವಳಿಗೆ ಕನಸು ಕಾಣಲು ಹೇಳಿ ಮಾಡಿಸಿದಂತಿದ್ದವು. ತೊಂದರೆ ಎಂದರೆ ಪುಸ್ತಕ ತೆರೆದೇ ಇರಬೇಕಿತ್ತು. ಹೆಸರು, ಚಿತ್ರ, ಚಿತ್ರದೊಳಗಿನ ಬಾಣ, ಬಾಣದ ತುದಿಯಲ್ಲಿ ಮತ್ತೊಂದು ಹೆಸರು. ಕಣ್ಣು ತೆಗೆದರೆ ಎಲ್ಲ ಮಾಯ. ಒಂದು ಗಂಟೆಗೆ ಕೆಲಸ ಬಿಟ್ಟು, ಎರಡಕ್ಕೆ ತರಗತಿ ಸೇರಿ, ಐದೂವರೆಗೆ ಮನೆಗೆ ಬಂದರೆ ಪುಟ್ಟಿ ಕಾಲಿಗೆ ತೊಡರಿಕೊಳ್ಳುತ್ತಿದ್ದಳು. ಪುಸ್ತಕ ತೆರೆದರೆ ಅದರ ಮೇಲೆ ಬಂದು ಕೂರುತ್ತಿದ್ದಳು. ಒಂದು ಸಂಜೆ ಅಮ್ಮ ಒಲೆಯ ಕಡೆ ತಿರುಗುವಷ್ಟರಲ್ಲಿ ಅರ್ಧ ಪುಟ ಹರಿದು ಬಾಯಿಗೆ ಹಾಕಿಕೊಂಡಳು.

"ಯಾವ ಪಾಠನೇ ಅದು?" ಎಂದು ಅತ್ತೆ ಗಾಬರಿಯಿಂದ ಓಡಿ ಬಂದರು.

"ಜೀರ್ಣಾಂಗ," ಎಂದಳು ಮೋಡಮ್ಮ, ಬೆರಳು ಹಾಕಿ ಕಾಗದ ತೆಗೆಯುತ್ತಾ.

"ಬಿಡು, ನಿನಗಿಂತ ಮೊದಲು ಅವಳೇ ಕಲಿತ್ಲು."

ಇಬ್ಬರೂ ನಕ್ಕರು. ಆದರೆ ಮೂರು ವಾರಕ್ಕೆ ನಡೆದ ಚಿಕ್ಕ ಪರೀಕ್ಷೆಯಲ್ಲಿ ಅವಳಿಗೆ ಏಳಕ್ಕೆ ಎರಡು ಬಂತು. ಪಕ್ಕದಲ್ಲಿ ಕುಳಿತ ಹುಡುಗಿಯರು, "ಪರವಾಗಿಲ್ಲ ಅಕ್ಕ, ಬಯಾಲಜಿ ಈಜಿ, ಸ್ವಲ್ಪ ಜಾಸ್ತಿ ಹೊತ್ತು ಕೂತ್ರೆ ಬರುತ್ತೆ," ಎಂದು ಸಮಾಧಾನ ಹೇಳಿದರು. ಕೂರುವುದು ಎಂಬ ಮಾತು ಅವಳ ಎದೆಗೆ ನಾಟಿತು.

ಅಂದು ತರಗತಿ ಮುಗಿದ ಮೇಲೆ ಅವಳು ಪ್ರಯೋಗಶಾಲೆಯ ಕಟ್ಟೆಯ ಬಳಿ ಸುಮ್ಮನೆ ನಿಂತಿದ್ದಳು. ಗಾಜಿನ ಸಾಮಾನು ತೊಳೆದಿಡುವ ಹಿರಿಯನನ್ನು ಮಕ್ಕಳೆಲ್ಲ ಲ್ಯಾಬಣ್ಣ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಯಾರು ಯಾವ ವಿಷಯ ಹಿಡಿದು ಬಂದರು, ಯಾವ ತಿಂಗಳಲ್ಲಿ ಅತ್ತರು ಎನ್ನುವುದನ್ನೆಲ್ಲ ನೋಡಿದವನು ಆತ.

"ಲ್ಯಾಬಣ್ಣ, ಇರೋದ್ರಲ್ಲಿ ಸುಲಭದ್ದು ಯಾವುದು ಹೇಳಿ. ನಿಜ ಹೇಳಬೇಕು."

ಆತ ಒಂದು ಪರೀಕ್ಷಾ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದ. "ಸುಲಭದ್ದು ಅಂತ ಇದ್ದಿದ್ರೆ ನಾನೇ ಪಾಸಾಗ್ತಿದ್ದೆ ಕಣಮ್ಮ. ಅದು ಬಿಡು, ನಿನ್ನ ಹತ್ರ ಇರೋದು ಎಂಥ ಹೊತ್ತು?"

"ಎಷ್ಟು ಹೊತ್ತು ಅಂತಾನಾ?"

"ಎಷ್ಟು ಅಂತಲ್ಲ. ಎಂಥದ್ದು ಅಂತ. ಕೈ ಬಿಡುವಿರೋ ಹೊತ್ತಾ, ತಲೆ ಬಿಡುವಿರೋ ಹೊತ್ತಾ?"

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ತನ್ನ ಇಡೀ ದಿನವನ್ನು ಬರೆದಳು. ಬೆಳಿಗ್ಗೆ ಆರರಿಂದ ಒಂದರವರೆಗೆ ಶೀಟು: ಕೈ ಕಟ್ಟಿದೆ, ತಲೆ ಖಾಲಿ. ಸಂಜೆ ಪುಟ್ಟಿಗೆ ಸ್ನಾನ: ಕೈ, ಕಣ್ಣು ಎರಡೂ ಕಟ್ಟಿವೆ. ಪಾತ್ರೆ: ತಲೆ ಖಾಲಿ. ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುವುದು: ತಲೆ ಖಾಲಿ, ಅಲುಗಾಡುವಂತಿಲ್ಲ. ಕೈ, ಕಣ್ಣು, ತಲೆ ಮೂರಕ್ಕೂ ಒಟ್ಟಿಗೆ ಬಿಡುವು ಸಿಗುವುದು ಬಸ್ಸಿನಲ್ಲಿ, ಅದೂ ಸೀಟು ಸಿಕ್ಕಿದರೆ, ಹದಿನೈದು ನಿಮಿಷ. ಅವಳು ಪೆನ್ನು ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ದಿನಕ್ಕೆ ಎಂಟು ಗಂಟೆ ಖಾಲಿ ತಲೆ ಹೊತ್ತು ತಿರುಗುತ್ತಿದ್ದಳು! ಇಷ್ಟು ವರ್ಷ ಅದರ ತುಂಬ ಪರದೆಯ ಬಣ್ಣ ತುಂಬಿಕೊಂಡಿದ್ದಳು.

ಮಾರನೆಯ ದಿನ ಫಿಸಿಕ್ಸ್ ತೆಗೆದುಕೊಂಡಿದ್ದ ಹುಡುಗಿಯೊಬ್ಬಳ ಪುಸ್ತಕ ಇಸಿದುಕೊಂಡು ತೂಗಿ ನೋಡಿದಳು. ಬಯಾಲಜಿಯ ಅರ್ಧದಷ್ಟೂ ಇರಲಿಲ್ಲ. ಪಾಠದ ಕೊನೆಯಲ್ಲಿ ಲೆಕ್ಕಗಳು, ಒಂದೊಂದೂ ಎರಡೇ ಸಾಲು. ಎರಡು ಸಾಲನ್ನು ಯಾರಾದರೂ ತಲೆಯಲ್ಲಿ ಹೊತ್ತುಕೊಂಡು ಹೋಗಬಹುದಲ್ಲ.

ವಿಷಯ ಬದಲಿಸಲು ಇನ್ನು ನಾಲ್ಕೇ ದಿನವಿತ್ತು. ಫಿಸಿಕ್ಸ್ ಮೇಡಂ ಅರ್ಜಿ ಓದಿ ಕನ್ನಡಕ ತೆಗೆದರು. "ಎಲ್ಲರೂ ನನ್ನಿಂದ ತಪ್ಪಿಸ್ಕೊಂಡು ಬಯಾಲಜಿಗೆ ಹೋಗ್ತಾರೆ. ನೀವು ಉಲ್ಟಾ ಬರ್ತಿದ್ದೀರಿ. ಯಾಕೆ?"

"ಇಲ್ಲಿ ಓದೋದು ಕಡಿಮೆ ಇದೆ ಮೇಡಂ."

"ಯೋಚನೆ ಮಾಡೋದು ಜಾಸ್ತಿ ಇದೆ."

"ಅದಕ್ಕೇ ಬಂದೆ."

ಮೇಡಂ ನಗಲಿಲ್ಲ. ಪೆನ್ಸಿಲಿನಲ್ಲಿ ಅವಳ ಹೆಸರು ಬರೆದುಕೊಂಡರು. ಎರಡು ತಿಂಗಳಿಗೆ ಮೊದಲ ಟರ್ಮಿನ ಪರೀಕ್ಷೆ. ಅದರಲ್ಲಿ ನಾಲ್ಕು ಬಂದರೆ ಪೆನ್ಸಿಲಿನ ಮೇಲೆ ಪೆನ್ನು. ಬಾರದಿದ್ದರೆ ಹಿಂದಿರುಗಲು ಬಯಾಲಜಿಯೂ ಇಲ್ಲ, ಹೆಸರು ಪಟ್ಟಿಯಿಂದಲೇ ಹೋಗುತ್ತದೆ ಎಂದರು. ಅವಳು ತಲೆಯಾಡಿಸಿದಳು.

ಅಂದಿನಿಂದ ಅವಳು ದಿನಕ್ಕೊಂದು ಲೆಕ್ಕ ಹೊತ್ತು ಕೆಲಸಕ್ಕೆ ಬಂದಳು. ಬಸ್ಸಿನಲ್ಲಿ ಓದಿಕೊಳ್ಳುವುದು, ಆವಿಯಲ್ಲಿ ತೇಲಬಿಟ್ಟು ಯೋಚಿಸುವುದು. ಒಂದು ಬೆಳಿಗ್ಗೆಯ ಲೆಕ್ಕ ಹೀಗಿತ್ತು: ಇಪ್ಪತ್ತು ಮೀಟರ್ ಎತ್ತರದ ಮಹಡಿಯಿಂದ ಒಂದು ಚೆಂಡು ಕೆಳಗೆ ಬೀಳುತ್ತದೆ, ಅದೇ ಕ್ಷಣ ನೆಲದಿಂದ ಇನ್ನೊಂದು ಚೆಂಡನ್ನು ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾರೆ. ಎಷ್ಟು ಹೊತ್ತಿಗೆ ಎರಡೂ ಎದುರಾಗುತ್ತವೆ? ಭೂಮಿ ಒಂದನ್ನು ಎಳೆದು ಜೋರು ಮಾಡುತ್ತಿದೆ, ಇನ್ನೊಂದನ್ನು ಎಳೆದು ನಿಧಾನ ಮಾಡುತ್ತಿದೆ. ಅವಳಿಗೆ ತಲೆ ಗಿರ್ರೆಂದಿತು. ನಲವತ್ತು ಶೀಟು ಮುಗಿದರೂ ಚೆಂಡುಗಳು ಒಂದಕ್ಕೊಂದು ಸಿಗಲಿಲ್ಲ.

ನಂತರದ ಯಾವುದೋ ಶೀಟು. ದೊಡ್ಡಕ್ಕ ಎದುರಿಗೆ ನಡೆದು ಬರುತ್ತಿದ್ದಳು. ಆವಿಯಲ್ಲಿ ನೆಲ ಕಾಣುತ್ತಿರಲಿಲ್ಲ. ನೆಲವೇ ಲಿಫ್ಟಿನ ಹಾಗೆ ಕೆಳಗಿಳಿಯುತ್ತಿದ್ದರೆ ಎಂದುಕೊಂಡಳು ಮೋಡಮ್ಮ. ಇಬ್ಬರೂ ಒಂದೇ ಸಮ ಇಳಿಯುತ್ತಿದ್ದರೆ? ನಡುವಿನ ಶೀಟಿಗೆ ಅದು ಗೊತ್ತೇ ಆಗುವುದಿಲ್ಲ. ಇಳಿದರೂ ಇಳಿಯದಿದ್ದರೂ ಅಷ್ಟೇ ಹೆಜ್ಜೆಗೆ ಮೂಲೆ ಮೂಲೆಯನ್ನು ಸೇರುತ್ತದೆ. ಭೂಮಿ ಎರಡು ಚೆಂಡನ್ನೂ ಒಂದೇ ಸಮ ಎಳೆಯುತ್ತಿದೆ. ಹಾಗಿದ್ದರೆ ಆ ಎಳೆತವನ್ನು ಮರೆತೇಬಿಡಬಹುದು. ಉಳಿದದ್ದು ನಡುವಿನ ಇಪ್ಪತ್ತು ಮೀಟರ್, ಸೆಕೆಂಡಿಗೆ ಇಪ್ಪತ್ತು ಮೀಟರ್...

ಅವಳು ಶೀಟು ಎತ್ತಿ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಏನೇ ಆಯ್ತು ನಿನಗೆ?" ಎಂದಳು ದೊಡ್ಡಕ್ಕ.

"ಅಕ್ಕಾ, ಒಂದು! ಒಂದು ಅಂತ ನೆನಪಿಟ್ಕೊಳ್ಳಕ್ಕ, ಊಟದ ಹೊತ್ತಿಗೆ ಬರ್ಕೋತೀನಿ. ನನಗೆ ಮರೆತುಹೋಗುತ್ತೆ."

"ಒಂದಾ? ಬೆಳಿಗ್ಗೆಯಿಂದ ಇಷ್ಟು ಯೋಚನೆ ಮಾಡಿ ಬರೀ ಒಂದಾ? ನಮ್ಮ ಮೊಮ್ಮಗನ್ನ ಕೇಳಿದ್ರೆ ಹತ್ತರವರೆಗೂ ಹೇಳ್ತಿದ್ದ."

ಆದರೂ ಊಟದ ಗಂಟೆ ಹೊಡೆಯುವವರೆಗೆ ದೊಡ್ಡಕ್ಕ "ಒಂದು, ಒಂದು" ಎಂದು ಗುನುಗುತ್ತಲೇ ಇದ್ದಳು. ಅಲ್ಲಿಂದಾಚೆ ಉತ್ತರ ಕಾಯುವ ಕೆಲಸ ಅವಳದೇ ಆಯಿತು. ದಿನಾ ಬೆಳಿಗ್ಗೆ ತಾನೇ ಕೇಳುತ್ತಿದ್ದಳು, "ಇವತ್ತು ಏನು ಬೀಳ್ತಿದೆ?"

ಪರೀಕ್ಷೆಯ ದಿನ ಮೋಡಮ್ಮ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆ ಓದಿದಳು. ಏನೂ ಹೊಳೆಯಲಿಲ್ಲ. ಎರಡನೆಯದು ಓದಿದಳು, ಅದೂ ಹಾಗೆಯೇ. ಹೊರಗೆ ಮರದ ನೆರಳು ಗೋಡೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು. ಅವಳೂ ಅದರ ಜೊತೆ ಜಾರಿದಳು. ಎಚ್ಚೆತ್ತಾಗ ಇಪ್ಪತ್ತು ನಿಮಿಷ ಹೋಗಿತ್ತು. ಸುತ್ತ ಪೆನ್ನುಗಳ ಸದ್ದು. ಹಾಳೆ ಖಾಲಿ. ಮೇಜಿನ ಮೇಲೆ ತನ್ನ ಎರಡು ಕೈಗಳು ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿರುವುದನ್ನು ಅವಳು ನೋಡಿದಳು.

ಎರಡು ತಿಂಗಳಲ್ಲಿ ಒಂದು ಲೆಕ್ಕವನ್ನೂ ಅವಳು ಕೈಗೆ ಕೆಲಸ ಕೊಡದೆ ಕುಳಿತು ಮಾಡಿರಲಿಲ್ಲ. ಚೀಲದಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಮೇಜಿನ ಮೇಲೆ ಹರವಿದಳು. ಮೂಲೆಗೆ ಮೂಲೆ ಇಟ್ಟು ಮಡಿಸಿದಳು. ಬಿಚ್ಚಿದಳು, ಕೊಡವಿದಳು, ಮತ್ತೆ ಮಡಿಸಿದಳು.

ಕಾವಲಿಗಿದ್ದ ಮೇಷ್ಟ್ರು ಬಂದು ನಿಂತರು. "ಏನ್ರಿ ಅದು? ಒಳಗೆ ಏನಿದೆ?"

"ಏನಿಲ್ಲ ಸಾರ್. ಬಟ್ಟೆ."

ಅವರು ಕರವಸ್ತ್ರ ಎತ್ತಿ ಬೆಳಕಿಗೆ ಹಿಡಿದರು. ತಿರುವಿದರು, ಕೊಡವಿದರು. ಪುಟ್ಟಿಯ ಹಾಲಿನ ಒಂದು ಕಲೆ ಬಿಟ್ಟರೆ ಏನೂ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಕಿಸಕ್ಕೆಂದಳು.

"ಮತ್ತೆ ಯಾಕೆ ಮಡಿಸ್ತಾ ಇದ್ದೀರಿ?"

"ಮಡಿಸದಿದ್ರೆ ಉತ್ತರ ಬರಲ್ಲ ಸಾರ್," ಎಂದಳು ಮೋಡಮ್ಮ. ಅವಳ ದನಿ ಕೇಳಿ ಅವರಿಗೆ ಏನನ್ನಿಸಿತೋ, ಬಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದೆ ಹೋದರು. ಆದರೆ ಆ ಸಾಲು ಬಿಟ್ಟು ಕದಲಲಿಲ್ಲ.

ಮೂರನೆಯ ಮಡಿಕೆಗೆ ಮೊದಲ ಪ್ರಶ್ನೆ ಬಿಚ್ಚಿಕೊಂಡಿತು. ಎಡಗೈ ಮಡಿಸುತ್ತಾ ಹೋಯಿತು, ಬಲಗೈ ಬರೆಯುತ್ತಾ ಹೋಯಿತು. ನಡುನಡುವೆ ಪರೀಕ್ಷೆಯ ಹಾಲ್ ಆವಿಯಿಂದ ತುಂಬಿದಂತೆ, ಮೇಷ್ಟ್ರು, ಬೆಂಚು, ಗಡಿಯಾರ ಎಲ್ಲ ಬಿಳಿಯಲ್ಲಿ ಕರಗಿದಂತೆ ಅವಳಿಗೆ ಅನ್ನಿಸುತ್ತಿತ್ತು. ಗಂಟೆ ಹೊಡೆದಾಗ ಕೊನೆಯ ಎರಡು ಪ್ರಶ್ನೆ ಮುಟ್ಟದೇ ಉಳಿದಿದ್ದವು.

ಆ ಎರಡು ಪ್ರಶ್ನೆ ಅವಳನ್ನು ಒಂದು ವಾರ ಹಿಂಡಿದವು. ಪುಟ್ಟಿಯ ಬಾಯಿಗೆ ತುತ್ತಿಡುವಾಗಲೂ ಕಳೆದುಹೋದ ಆ ಇಪ್ಪತ್ತು ನಿಮಿಷವೇ ಕಣ್ಣಮುಂದೆ. ಅತ್ತೆ ಒಮ್ಮೆ, "ಬರದಿದ್ರೆ ಬರದೇ ಇರ್ಲಿ ಬಿಡು, ಪ್ರಾಣ ಹೋಗಲ್ಲ," ಎಂದವರು, ಸೊಸೆಯ ಮುಖ ನೋಡಿ, "ಬರುತ್ತೆ ಬಿಡು," ಎಂದು ತಿದ್ದಿಕೊಂಡರು.

ಫಿಸಿಕ್ಸ್ ಮೇಡಂ ಅವಳನ್ನು ಕೋಣೆಗೆ ಕರೆದು ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ನಾಲ್ಕು. ಸರಿಯಾಗಿ ನಾಲ್ಕು, ಒಂದಿಷ್ಟೂ ಹೆಚ್ಚಿಲ್ಲ.

"ಮಾಡಿದ್ದೆಲ್ಲ ಸರಿಯಿದೆ. ಆದ್ರೆ ನೀವು ಶುರು ಮಾಡಿದ್ದೇ ತಡವಾಗಿ ಅಂತ ಮೇಷ್ಟ್ರು ಹೇಳಿದ್ರು. ದಿನಾ ಎಷ್ಟು ಹೊತ್ತು ಓದ್ತೀರಿ?"

"ಕೂತ್ಕೊಂಡಾ ಮೇಡಂ? ಹದಿನೈದು ನಿಮಿಷ."

"ಮತ್ತೆ?"

"ಮಿಕ್ಕಿದ್ದೆಲ್ಲ ನಿಂತ್ಕೊಂಡು."

ಇನ್ನೂ ಇಪ್ಪತ್ತು ತಿಂಗಳಿದೆ, ಮುಂದಿನ ಪಾಠಗಳು ಇದಕ್ಕಿಂತ ಕಷ್ಟ ಎಂದರು ಮೇಡಂ. ಆಮೇಲೆ ಪಟ್ಟಿ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಪೆನ್ಸಿಲಿನ ಅಕ್ಷರಗಳ ಮೇಲೆ ಒಂದೊಂದಾಗಿ, ಅವಸರವಿಲ್ಲದೆ ತಿದ್ದಿದರು. ಕೊನೆಯ ಅಕ್ಷರದ ಶಾಯಿ ಆರುವವರೆಗೂ ಮೋಡಮ್ಮ ಅಲ್ಲೇ ನಿಂತಿದ್ದಳು.